ತಾತ್ಕಾಲಿಕ ಕ್ಯಾಪ್ ಮೇಲೆ ಬ್ರಾಕೆಟ್ ನಿಲ್ಲಬೇಕಾದರೆ

ಬದಿಯಡ್ಕದ ಕ್ಲಿನಿಕ್‌ನಲ್ಲಿ ಒಂದು ಬುಧವಾರ ಕಾಲೇಜು ಹುಡುಗಿಯೊಬ್ಬಳು ಬೆಂಕಿಪೆಟ್ಟಿಗೆ ತೆರೆದು ನನ್ನ ಮುಂದೆ ಹಿಡಿದಳು. ಒಳಗೆ ಹತ್ತಿಯ ಮೇಲೆ, ಹಿಂದಿನ ವಾರ ನಾನು ಅಂಟಿಸಿದ್ದ ಬ್ರಾಕೆಟ್, ಅಂದರೆ ಹಲ್ಲು ಸರಿಮಾಡುವ ತಂತಿಯನ್ನು ಹಿಡಿದಿಡಲು ಹಲ್ಲಿಗೆ ಅಂಟಿಸುವ ಸಣ್ಣ ಲೋಹದ ತುಂಡು. "ಇಡ್ಲಿ ತಿನ್ನುವಾಗ ಬಿತ್ತು ಡಾಕ್ಟ್ರೇ" ಅಂದಳು. ಹಲಸಿನ ಹಪ್ಪಳ ಅಂದಿದ್ದರೆ ನಾಲ್ಕು ಮಾತು ಬೈಯಬಹುದಿತ್ತು. ಇಡ್ಲಿಗೆ ಏನು ಬೈಯುವುದು?

ತಪ್ಪು ನನ್ನದೇ. ಅವಳ ಮೇಲಿನ ಮುಂಭಾಗದ ಹಲ್ಲಿಗೆ ತಾತ್ಕಾಲಿಕ ಕ್ಯಾಪ್ ಇತ್ತು. ಪಕ್ಕದ ಹಲ್ಲುಗಳಿಗೆ ಮಾಡಿದ್ದನ್ನೇ ಅದಕ್ಕೂ ಮಾಡಿದ್ದೆ. ಆಮ್ಲ ಹಚ್ಚಿದೆ, ತೊಳೆದೆ, ಅಂಟಿಗೆ ಮೊದಲು ಹಚ್ಚುವ ತೆಳು ದ್ರವ, ಪ್ರೈಮರ್ ಹಚ್ಚಿದೆ, ಅಂಟು ಹಾಕಿ ಬ್ರಾಕೆಟ್ ಒತ್ತಿದೆ, ಅಂಟು ಗಟ್ಟಿಯಾಗಲು ಲೈಟ್ ಹಿಡಿದೆ. ಪಕ್ಕದವೆಲ್ಲ ಗಟ್ಟಿಯಾಗಿ ನಿಂತಿದ್ದವು. ಇದೊಂದು ಮಾತ್ರ ಬೆಂಕಿಪೆಟ್ಟಿಗೆ ಸೇರಿತ್ತು.

ಬಿದ್ದ ಬ್ರಾಕೆಟ್ ಬೆನ್ನನ್ನು ಲೂಪ್ ಅನ್ನುವ ಭೂತಗನ್ನಡಿಯಲ್ಲಿ ನೋಡಿದೆ. ಅಂಟು ಪೂರ್ತಿ ಬ್ರಾಕೆಟ್‌ನಲ್ಲೇ ಇತ್ತು, ಕನ್ನಡಿಯಂತೆ ನುಣ್ಣಗೆ. ಅಂದರೆ ಅಂಟು ಬ್ರಾಕೆಟ್ ಬೆನ್ನಿನ ಲೋಹದ ಬಲೆಯನ್ನು ಸರಿಯಾಗಿಯೇ ಹಿಡಿದಿತ್ತು, ಕ್ಯಾಪ್ ಅನ್ನು ಹಿಡಿದೇ ಇರಲಿಲ್ಲ. ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. ಬ್ರಾಕೆಟ್ ಬಿದ್ದರೆ ತಕ್ಷಣ ಇನ್ನೊಂದು ಅಂಟಿಸಲು ಹೋಗಬೇಡಿ. ಬಿದ್ದದ್ದರ ಬೆನ್ನು ನೋಡಿ. ಅಂಟು ಬ್ರಾಕೆಟ್‌ನಲ್ಲಿ ನುಣ್ಣಗೆ ಉಳಿದಿದ್ದರೆ ದೋಷ ಕ್ಯಾಪ್ ಕಡೆಯದು. ಅಂಟು ಕ್ಯಾಪ್ ಮೇಲೆ ಉಳಿದು ಬ್ರಾಕೆಟ್ ಬಲೆ ಬೋಳಾಗಿದ್ದರೆ, ಒತ್ತಿದ್ದು ಸಾಲಲಿಲ್ಲ, ಲೈಟ್ ಸಾಲಲಿಲ್ಲ, ಅಥವಾ ಬಲೆಗೆ ನಿಮ್ಮ ಬೆರಳಿನ ಎಣ್ಣೆ ತಾಗಿದೆ. ಎರಡರ ಮದ್ದೂ ಬೇರೆ ಬೇರೆ.

ನನ್ನ ವಿಷಯ ಎರಡು ಮಾತಿನಲ್ಲಿ ಹೇಳುತ್ತೇನೆ. ನಾನು ಹಲ್ಲಿನ ಸಾಲು ಸರಿಮಾಡುವ ಡಾಕ್ಟರ್, ಆರ್ಥೊಡಾಂಟಿಸ್ಟ್. ನನಗೆ ಸ್ವಂತ ಕ್ಲಿನಿಕ್ ಇಲ್ಲ. ಸೋಮವಾರ ಉಪ್ಪಳ, ಬುಧವಾರ ಬದಿಯಡ್ಕ, ಶುಕ್ರವಾರ ಪೆರ್ಲ, ಶನಿವಾರ ಮುಳ್ಳೇರಿಯ. ಒಂದು ಬ್ಯಾಗ್, ಒಂದು ಲೈಟ್, ಬಸ್ಸು. ಕಾಸರಗೋಡಿನ ಈ ಮೂಲೆಯಲ್ಲಿ ಹಲ್ಲಿಗೆ ಕನ್ನಡದಲ್ಲಿ ಹಲ್ಲು, ತುಳುವಿನಲ್ಲಿ ಕೂಲಿ, ಮಲಯಾಳದಲ್ಲಿ ಪಲ್ಲ್, ಕೊಂಕಣಿಯಲ್ಲಿ ದಾಂತ್. ಆದರೆ ಕ್ಯಾಪ್ ಎಲ್ಲರಿಗೂ ಕ್ಯಾಪ್, ಕ್ಲಿಪ್ ಎಲ್ಲರಿಗೂ ಕ್ಲಿಪ್. ಹಾಗಾಗಿ ಎಲ್ಲರೂ ಕೇಳುವ ಪ್ರಶ್ನೆಯೂ ಒಂದೇ. "ಕ್ಯಾಪ್ ಹಾಕಿದ ಹಲ್ಲಿಗೆ ಕ್ಲಿಪ್ ನಿಲ್ಲುತ್ತದಾ?"

ನಿಲ್ಲುತ್ತದೆ. ಆದರೆ ಹಲ್ಲಿಗೆ ಅಂಟಿಸಿದ ಹಾಗೆ ಅಂಟಿಸಿದರೆ ನಿಲ್ಲುವುದಿಲ್ಲ.

ಹಲ್ಲಿನ ಹೊರಪದರ ಎನಾಮಲ್ ಖನಿಜ. ಫಾಸ್ಪರಿಕ್ ಆಮ್ಲ ಹಚ್ಚಿದರೆ ಅದರಲ್ಲಿ ಕಣ್ಣಿಗೆ ಕಾಣದ ಗುಳಿಗಳು ಏಳುತ್ತವೆ. ಅಂಟು ಆ ಗುಳಿಗಳೊಳಗೆ ಇಳಿದು ಬೇರು ಬಿಡುತ್ತದೆ. 1955ರಲ್ಲಿ ಅಮೆರಿಕದ ದಂತವೈದ್ಯ ಬ್ಯೂನೊಕೋರ್ ತೋರಿಸಿಕೊಟ್ಟ ಈ ಉಪಾಯದ ಮೇಲೆಯೇ ನಮ್ಮ ಕಸುಬು ನಿಂತಿದೆ. ತಾತ್ಕಾಲಿಕ ಕ್ಯಾಪ್ ಪ್ಲಾಸ್ಟಿಕ್. ಅದರಲ್ಲಿ ಆಮ್ಲ ಕರಗಿಸುವಂಥದ್ದು ಏನೂ ಇಲ್ಲ. ಅರ್ಧ ಗಂಟೆ ಇಟ್ಟರೂ ಅದು ಮೇಲಿನ ಜಿಡ್ಡು ತೊಳೆಯುತ್ತದೆ, ಅಷ್ಟೇ.

ಮೊದಲ ಪ್ರಶ್ನೆ: ಪಕ್ಕಾ ಕ್ಯಾಪ್ ಯಾಕೆ ಹಾಕಬಾರದು?

ರೋಗಿಗಳ ಮನೆಯವರು ಇದನ್ನು ಕೇಳಿಯೇ ಕೇಳುತ್ತಾರೆ. ಎರಡೆರಡು ಸಲ ದುಡ್ಡು ಯಾಕೆ ಅಂತ. ನ್ಯಾಯವಾದ ಪ್ರಶ್ನೆ. ಹಲ್ಲು ಇನ್ನೂ ಜಾಗ ಬದಲಿಸಬೇಕಿದೆ. ಇವತ್ತು ಕೂರಿಸಿದ ಪಿಂಗಾಣಿ ಕ್ಯಾಪ್‌ನ ಅಂಚು, ಪಕ್ಕದ ಹಲ್ಲಿನ ಜೊತೆಗಿನ ತಾಗುವಿಕೆ, ಎದುರು ಹಲ್ಲಿನ ಕಚ್ಚುವಿಕೆ, ಎಲ್ಲವೂ ವರ್ಷ ಕಳೆದ ಮೇಲೆ ತಪ್ಪಾಗುತ್ತವೆ. ಪಿಂಗಾಣಿಗೆ ಅಂಟಿಸಿ ತೆಗೆಯುವಾಗ ಮೇಲ್ಮೈ ಚಕ್ಕೆ ಏಳುವ ಭಯವೂ ಇದೆ. ಹಾಗಾಗಿ ಚಿಕಿತ್ಸೆ ಮುಗಿಯುವವರೆಗೆ ಪ್ಲಾಸ್ಟಿಕ್, ಆಮೇಲೆ ಪಕ್ಕಾ. ಮದುವೆಗೆ ಹೊಲಿಸಿದ ಅಂಗಿ ಹಾಕಿಕೊಂಡು ಅಡಿಕೆ ತೋಟಕ್ಕೆ ಗೊಬ್ಬರ ಹೊರುವುದಿಲ್ಲ, ಅಲ್ವಾ?

ಕ್ಯಾಪ್ ಒಳಗಿನ ಹಲ್ಲಿನ ಎಕ್ಸ್‌ರೇ ನೋಡದೆ ಮಾತ್ರ ಮುಂದೆ ಹೋಗಬೇಡಿ. ರೂಟ್ ಕೆನಾಲ್ ಸರಿಯಾಗಿದೆಯಾ, ಬೇರಿನ ತುದಿಯಲ್ಲಿ ಕಪ್ಪು ಇದೆಯಾ ನೋಡಿ. ಬಿದ್ದು ಏಟಾದ ಹಲ್ಲಾದರೆ ಬೇರು ಮೂಳೆಗೆ ಬೆಸೆದುಕೊಂಡಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಕನ್ನಡಿಯ ಹಿಡಿಯಿಂದ ತಟ್ಟಿದಾಗ ಪಕ್ಕದ ಹಲ್ಲಿಗಿಂತ ಲೋಹದಂಥ ಟಣ್ ಸದ್ದು ಬಂದರೆ ಸಂಶಯ ಪಡಿ. ಬೆಸೆದ ಹಲ್ಲು ಯಾವ ತಂತಿಗೂ ಜಗ್ಗುವುದಿಲ್ಲ. ಇಂಪ್ಲಾಂಟ್, ಅಂದರೆ ಮೂಳೆಗೆ ಕೂರಿಸಿದ ಕೃತಕ ಬೇರಿನ ಮೇಲಿನ ತಾತ್ಕಾಲಿಕ ಕ್ಯಾಪ್ ಕೂಡ ಹಾಗೆಯೇ, ಅದು ಚಲಿಸುವುದಿಲ್ಲ. ಆದರೆ ಅದನ್ನು ಗೂಟದ ಹಾಗೆ ಬಳಸಿ ಬೇರೆ ಹಲ್ಲು ಎಳೆಯಬಹುದು.

ಯಾವ ಪ್ಲಾಸ್ಟಿಕ್ ಅಂತ ತಿಳಿಯದೆ ಕೈ ಹಾಕಬೇಡಿ

ನಾನು ಕಲಿತ ಪಾಠಗಳಲ್ಲಿ ಇದು ದೊಡ್ಡದು. "ತಾತ್ಕಾಲಿಕ ಕ್ಯಾಪ್" ಅನ್ನುವುದು ಒಂದೇ ವಸ್ತುವಲ್ಲ. ನಮ್ಮ ಕಡೆ ಜಾಸ್ತಿ ಸಿಗುವುದು ಎರಡು ಜಾತಿ.

ಒಂದು, ಪುಡಿ ಮತ್ತು ದ್ರವ ಕಲಸಿ ಮಾಡುವ ಹಳೆಯ ಅಕ್ರಿಲಿಕ್, ಪಿಎಂಎಂಎ. ಡಿಪಿಐ ಡಬ್ಬಿ ಇಲ್ಲದ ಕ್ಲಿನಿಕ್ ನಮ್ಮಲ್ಲಿ ಅಪರೂಪ. ಇದರ ಅಣುಗಳು ಉದ್ದುದ್ದ ಎಳೆಗಳು. ಒಂದರ ಪಕ್ಕ ಒಂದು ಸುತ್ತಿಕೊಂಡಿರುತ್ತವೆ, ಗಂಟು ಹಾಕಿಕೊಂಡಿರುವುದಿಲ್ಲ. ಹಾಗಾಗಿ ಅದರದೇ ದ್ರವ, ಅಂದರೆ ಮೊನೊಮರ್ ಹಚ್ಚಿದರೆ ಎಳೆಗಳು ಸಡಿಲವಾಗಿ ಮೇಲ್ಮೈ ಉಬ್ಬುತ್ತದೆ, ಅಂಟಂಟಾಗುತ್ತದೆ.

ಇನ್ನೊಂದು, ಗನ್ನಿನಿಂದ ಒತ್ತಿ ತೆಗೆಯುವ ಬಿಸ್-ಅಕ್ರಿಲ್. ಪ್ರೊಟೆಂಪ್, ಲಕ್ಸಾಟೆಂಪ್ ಇವೆಲ್ಲ ಈ ಜಾತಿ. ಇದರ ಎಳೆಗಳು ಮೀನಿನ ಬಲೆಯ ಹಾಗೆ ಗಂಟು ಗಂಟಾಗಿ ಹೆಣೆದಿರುತ್ತವೆ. ಮೊನೊಮರ್ ಸುರಿದರೂ ಹೆಚ್ಚೇನೂ ಆಗುವುದಿಲ್ಲ.

ಯಾವುದು ಅಂತ ತಿಳಿಯುವುದು ಹೇಗೆ? ಕ್ಯಾಪ್ ಮಾಡಿದವರನ್ನು ಕೇಳಿ. ಅವರು ಸಿಗದಿದ್ದರೆ, ಅಥವಾ ನೆನಪಿಲ್ಲ ಅಂದರೆ, ಕ್ಯಾಪ್ ಬಿಚ್ಚಿ ಒಳಬದಿಯಲ್ಲಿ ಕಾಣದ ಕಡೆ ಒಂದು ಹನಿ ಮೊನೊಮರ್ ಇಡಿ. ಒಂದೆರಡು ನಿಮಿಷ ಬಿಟ್ಟು ಪ್ರೋಬ್ ಅನ್ನುವ ಚೂಪು ಕಡ್ಡಿಯ ತುದಿಯಿಂದ ಕೆರೆಯಿರಿ. ಮೆತ್ತಗೆ ಅಂಟಿದರೆ ಅಕ್ರಿಲಿಕ್. ಹಾಗೆಯೇ ಗಟ್ಟಿಯಾಗಿ ಉಳಿದರೆ ಬಿಸ್-ಅಕ್ರಿಲ್ ಅಂದುಕೊಂಡು ಕೆಲಸ ಮಾಡಿ. ಬರ್, ಅಂದರೆ ಹಲ್ಲು ಕೊರೆಯುವ ತಿರುಗುವ ಮೊನೆ ತಾಗಿಸಿದಾಗಲೂ ಗೊತ್ತಾಗುತ್ತದೆ. ಅಕ್ರಿಲಿಕ್ ಬಿಸಿಗೆ ಮೆತ್ತಗಾಗಿ ಬರ್‌ಗೆ ಮೆತ್ತಿಕೊಳ್ಳುತ್ತದೆ, ಬಿಸ್-ಅಕ್ರಿಲ್ ಹುಡಿ ಹುಡಿಯಾಗಿ ಹಾರುತ್ತದೆ.

ಈಗ ಮಂಗಳೂರಿನ ಲ್ಯಾಬುಗಳಿಂದ ಯಂತ್ರದಲ್ಲಿ ಕೊರೆದ ಅಕ್ರಿಲಿಕ್ ಕ್ಯಾಪ್‌ಗಳೂ ಬರುತ್ತವೆ. ಹೆಸರಿಗೆ ಅದೂ ಪಿಎಂಎಂಎ. ಆದರೆ ಕಾರ್ಖಾನೆಯಲ್ಲಿ ಒತ್ತಡ ಹಾಕಿ ಗಟ್ಟಿ ಮಾಡಿದ ಅಚ್ಚಿನಿಂದ ಕೊರೆದದ್ದು. ಮೊನೊಮರ್ ಅಷ್ಟು ಸುಲಭವಾಗಿ ಒಳಗೆ ಇಳಿಯುವುದಿಲ್ಲ. ಒರಟು ಮಾಡುವ ಕೆಲಸವನ್ನು ಇದರಲ್ಲಿ ಇನ್ನಷ್ಟು ಗಮನ ಕೊಟ್ಟು ಮಾಡಬೇಕು. ಮುದ್ರಿಸಿದ, ಅಂದರೆ ತ್ರೀಡಿ ಪ್ರಿಂಟ್ ಕ್ಯಾಪ್ ಬಂದರೆ ಬಿಸ್-ಅಕ್ರಿಲ್ ದಾರಿಯಲ್ಲೇ ಹೋಗಿ.

ಬಾಯಿಯೊಳಗೆ ಬೇಡ, ಮೇಜಿನ ಮೇಲೆ ಮಾಡಿ

ಸಾಧ್ಯವಿದ್ದರೆ ಕ್ಯಾಪ್ ಬಿಚ್ಚಿ, ಹೊರಗೆ ಬ್ರಾಕೆಟ್ ಅಂಟಿಸಿ, ಮತ್ತೆ ಕೂರಿಸಿ. ಬಾಯಿಯೊಳಗೆ ಉಗುಳು, ಉಸಿರಿನ ಆವಿ, ಒಸಡಿನ ರಕ್ತ. ಮೊನೊಮರ್ ಒಸಡಿಗೆ ತಾಗಿದರೆ ಉರಿ. ಮೇಜಿನ ಮೇಲೆ ಈ ಯಾವ ಕಾಟವೂ ಇಲ್ಲ.

ಒಂದೇ ತೊಂದರೆ, ಬ್ರಾಕೆಟ್ ಎತ್ತರ ಮತ್ತು ವಾಲು ಕೈ ತಪ್ಪುತ್ತದೆ. ಅದಕ್ಕೆ ನನ್ನ ಉಪಾಯ ಸೀಸದ ಕಡ್ಡಿ. ಕ್ಯಾಪ್ ಇನ್ನೂ ಹಲ್ಲಿನ ಮೇಲೆ ಇರುವಾಗಲೇ ಪಕ್ಕದ ಹಲ್ಲುಗಳನ್ನು ನೋಡಿ ಒಂದು ಉದ್ದ ಗೆರೆ, ಒಂದು ಅಡ್ಡ ಗೆರೆ ಎಳೆಯುತ್ತೇನೆ. ಉದ್ದ ಗೆರೆ ಹಲ್ಲಿನ ನಡುವಿನದು, ಬೇರಿನ ದಿಕ್ಕಿಗೆ. ಅಡ್ಡ ಗೆರೆ ಬ್ರಾಕೆಟ್‌ನಲ್ಲಿ ತಂತಿ ಕೂರುವ ಸೀಳು ಬರಬೇಕಾದ ಎತ್ತರಕ್ಕೆ. ಮೇಲಿನ ನಡುಹಲ್ಲಿಗೆ ನಾನು ಬಳಸುವ ಎಂಬಿಟಿ ಅನ್ನುವ ಬ್ರಾಕೆಟ್ ಎತ್ತರದ ಪಟ್ಟಿಯಲ್ಲಿ ಸರಾಸರಿ ಹಲ್ಲಿಗೆ ತುದಿಯಿಂದ 5 ಮಿಲಿಮೀಟರ್, ಅದರ ಪಕ್ಕದ್ದಕ್ಕೆ 4.5, ಕೋರೆಹಲ್ಲಿಗೆ 5. ಆದರೆ ಎಚ್ಚರ. ಈ ಲೆಕ್ಕ ಕ್ಯಾಪ್‌ನ ಉದ್ದ ಸರಿ ಇದ್ದರೆ ಮಾತ್ರ. ಕ್ಯಾಪ್ ಮಾಡಿದವರು ತುದಿಯನ್ನು ಒಂದು ಮಿಲಿಮೀಟರ್ ಗಿಡ್ಡ ಮಾಡಿದ್ದರೆ, ನೀವು ತುದಿಯಿಂದ ಅಳೆದಾಗ ಬ್ರಾಕೆಟ್ ಒಸಡಿನ ಕಡೆ ಒಂದು ಮಿಲಿಮೀಟರ್ ಜಾಸ್ತಿ ಹೋಗುತ್ತದೆ. ತಂತಿ ಆ ಹಲ್ಲನ್ನು ಅಷ್ಟೇ ಕೆಳಗೆ ಎಳೆಯುತ್ತದೆ. ಹಾಗಾಗಿ ಮೊದಲು ಕ್ಯಾಪ್‌ನ ಆಕಾರವನ್ನು ಆಚೆ ಬದಿಯ ಜೋಡಿ ಹಲ್ಲಿನ ಜೊತೆ ಹೋಲಿಸಿ. ಸರಿ ಇಲ್ಲದಿದ್ದರೆ ಹೊಸ ಕ್ಯಾಪ್ ಕೇಳಿ. ಇಲ್ಲಿ ದಾಕ್ಷಿಣ್ಯ ಬೇಡ.

ಹೊಸದಾಗಿ ಮಾಡಿಸುವುದಾದರೆ ಮೊದಲೇ ಎರಡು ಮಾತು ಹೇಳಿ ಕಳಿಸಿ. ಮುಂಬದಿ ಸ್ವಲ್ಪ ದಪ್ಪ ಇರಲಿ, ಒಂದೂವರೆ ಮಿಲಿಮೀಟರ್ ಆದರೂ. ಮುಂಬದಿಗೆ ಪಾಲಿಶ್ ಮತ್ತು ಹೊಳಪಿನ ವಾರ್ನಿಶ್ ಬೇಡ. ನಾವು ಹೇಗೂ ಅದನ್ನು ಕೆರೆದು ತೆಗೆಯುವವರು.

ಒರಟು ಮಾಡುವುದು

ಹೊಳಪು ಹೋಗಬೇಕು. ಇದಕ್ಕೆ ಗಾಳಿಯ ಒತ್ತಡದಲ್ಲಿ ಹುಡಿ ಚಿಮ್ಮಿಸುವ ಸ್ಯಾಂಡ್‌ಬ್ಲಾಸ್ಟ್‌ಗಿಂತ ಒಳ್ಳೆಯದು ನಾನು ಕಂಡಿಲ್ಲ. 50 ಮೈಕ್ರಾನ್ ಅಲ್ಯುಮಿನಾ ಹುಡಿ, 2ರಿಂದ 3 ಬಾರ್ ಒತ್ತಡ, ಸುಮಾರು 10 ಮಿಲಿಮೀಟರ್ ದೂರ, ಐದರಿಂದ ಹತ್ತು ಸೆಕೆಂಡ್. ಸೀಸದ ಗೆರೆಯ ಮೇಲೆ ಬಿದ್ದರೆ ಗೆರೆ ಅಳಿಸಿ ಹೋಗುತ್ತದೆ. ಹಾಗಾಗಿ ಗೆರೆಯ ತುದಿಗಳನ್ನು ಬ್ರಾಕೆಟ್ ಜಾಗದಿಂದ ಆಚೆಗೂ ಎಳೆದಿಡಿ. ಬ್ರಾಕೆಟ್ ತಳಕ್ಕಿಂತ ಸುತ್ತ ಒಂದು ಮಿಲಿಮೀಟರ್ ಜಾಸ್ತಿ ಒರಟು ಮಾಡಿದರೆ ಸಾಕು. ಇಡೀ ಕ್ಯಾಪ್ ಒರಟಾದರೆ ಸಾಂಬಾರಿನ ಅರಿಶಿನ ಪೂರ್ತಿ ಅದರಲ್ಲೇ ಕೂರುತ್ತದೆ. ಎರಡು ವಾರದಲ್ಲಿ ಹಲ್ಲು ಹಳದಿ.

ಬಾಯಿಯೊಳಗೆ ಬ್ಲಾಸ್ಟ್ ಮಾಡಲೇಬೇಕಾದರೆ ರಬ್ಬರ್ ಡ್ಯಾಮ್ ಅನ್ನುವ ಬಾಯಿ ಮುಚ್ಚುವ ರಬ್ಬರ್ ಹಾಳೆ, ಜೋರು ಸಕ್ಷನ್, ರೋಗಿಗೂ ನಿಮಗೂ ಕನ್ನಡಕ. ಬ್ಲಾಸ್ಟರ್ ಇಲ್ಲದ ಕ್ಲಿನಿಕ್‌ನಲ್ಲಿ ಒರಟು ಡೈಮಂಡ್ ಬರ್‌ನಿಂದ ಅಡ್ಡಡ್ಡ, ಉದ್ದುದ್ದ ಗೀರು ಹಾಕುತ್ತೇನೆ. ಪೆರ್ಲದಲ್ಲಿ ಮೊದಲ ಎರಡು ವರ್ಷ ಹಾಗೆಯೇ ಮಾಡಿದ್ದು. ಕೆಲಸ ನಡೆಯುತ್ತದೆ. ಆದರೆ ತಯಾರಾದ ಪಾಲಿಕಾರ್ಬೊನೇಟ್ ಚಿಪ್ಪಿನ ಕ್ಯಾಪ್ ಆದರೆ ಕೈ ಹಗುರ ಇರಲಿ. ಅದರ ಗೋಡೆ ತೆಳು, ತೂತಾಗುತ್ತದೆ.

ಆಮೇಲೆ ತೊಳೆದು ಒಣಗಿಸಿ. ಜಿಡ್ಡು ಹೋಗಲಿ ಅಂತ ಅರ್ಧ ನಿಮಿಷ ಆಮ್ಲ ಹಚ್ಚಿ ತೊಳೆದರೂ ನಷ್ಟವಿಲ್ಲ. ಪಿಂಗಾಣಿಗೆ ಬಳಸುವ ಹೈಡ್ರೊಫ್ಲೋರಿಕ್ ಆಮ್ಲದ ಸಹವಾಸ ಮಾತ್ರ ಇಲ್ಲಿ ಬೇಡವೇ ಬೇಡ. ಪ್ಲಾಸ್ಟಿಕ್‌ಗೆ ಅದರಿಂದ ಲಾಭವಿಲ್ಲ, ಚರ್ಮಕ್ಕೆ ದೊಡ್ಡ ಅಪಾಯ.

ಆಟಿ ತಿಂಗಳ ನೀರು

ಇದನ್ನು ಯಾವ ಪಾಠದಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ. ಒಂದು ಮಳೆಗಾಲದಲ್ಲಿ ನನ್ನ ಬ್ರಾಕೆಟ್‌ಗಳು ಸಾಲಾಗಿ ಬಿದ್ದವು. ಕ್ಯಾಪ್ ಮೇಲಿನವು ಮಾತ್ರವಲ್ಲ, ಎನಾಮಲ್ ಮೇಲಿನವೂ. ಅಂಟು ಬದಲಿಸಿದೆ, ಲೈಟ್ ಬದಲಿಸಿದೆ, ಕೊನೆಗೆ ನನ್ನ ಕೈಯ ಮೇಲೆಯೇ ಸಂಶಯ ಬಂತು. ಒಂದು ದಿನ ಸುಮ್ನೆ ಗಾಳಿ ಸಿರಿಂಜನ್ನು ಬಾಯಿ ನೋಡುವ ಕನ್ನಡಿಗೆ ಹಿಡಿದು ಒತ್ತಿದೆ. ಕನ್ನಡಿ ಮೇಲೆ ಸಣ್ಣ ಸಣ್ಣ ಹನಿ! ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮೂರಿನ ಗಾಳಿ ಅಂದರೆ ಅರ್ಧ ನೀರೇ. ಕಂಪ್ರೆಸರ್ ಆ ಗಾಳಿಯನ್ನು ಹಿಂಡಿದಾಗ ನೀರು ಟ್ಯಾಂಕಿನಲ್ಲಿ ಇಳಿಯುತ್ತದೆ. ದಿನಾ ಕೆಳಗಿನ ತಿರುಪು ಬಿಚ್ಚಿ ಬಿಡದಿದ್ದರೆ ಅದು ಪೈಪಿನಲ್ಲಿ ಹೊರಟು ಬರುತ್ತದೆ, ಜೊತೆಗೆ ಒಂದಿಷ್ಟು ಎಣ್ಣೆ. ನಾನು ಒಣಗಿಸುತ್ತಿದ್ದೇನೆ ಅಂದುಕೊಂಡು ಒದ್ದೆ ಮಾಡುತ್ತಿದ್ದೆ.

ಈಗ ಯಾವ ಕ್ಲಿನಿಕ್‌ಗೆ ಹೋದರೂ ಬ್ಯಾಗ್ ಇಡುವ ಮೊದಲು ಕಂಪ್ರೆಸರ್ ನೀರು ಬಿಡಿಸುತ್ತೇನೆ. ಆಮೇಲೆ ಕನ್ನಡಿ ಪರೀಕ್ಷೆ. ಫ್ರಿಜ್‌ನಿಂದ ತೆಗೆದ ಅಂಟಿನ ಟ್ಯೂಬನ್ನೂ ತಕ್ಷಣ ತೆರೆಯಬೇಡಿ. ಚಳಿ ಬಿಡುವವರೆಗೆ ಮುಚ್ಚಿಯೇ ಇಡಿ, ಇಲ್ಲದಿದ್ದರೆ ಅದರ ಮೇಲೂ ಹನಿ ಕೂರುತ್ತದೆ. ಲೈಟ್‌ನ ಬ್ಯಾಟರಿ ಹಿಂದಿನ ರಾತ್ರಿಯೇ ತುಂಬಿರಲಿ. ಮಳೆಗೆ ಕರೆಂಟ್ ಹೋಗುವುದು ಯಾವಾಗ ಅಂತ ಯಾರೂ ಹೇಳಿ ಕಳಿಸುವುದಿಲ್ಲ.

ಅಕ್ರಿಲಿಕ್ ಆದರೆ ಹೀಗೆ

ಒರಟು ಮಾಡಿ ಒಣಗಿಸಿದ ಜಾಗಕ್ಕೆ ಸಣ್ಣ ಬ್ರಷ್‌ನಿಂದ ಮೊನೊಮರ್ ಹಚ್ಚಿ. ಒಂದು ಸಲ ಹಚ್ಚಿ ಬಿಟ್ಟರೆ ಆವಿಯಾಗಿ ಹೋಗುತ್ತದೆ. ಮೂರು ನಿಮಿಷ ಒದ್ದೆಯಾಗಿಯೇ ಇರಬೇಕು. ಒಣಗಿದಂತೆ ಕಂಡಾಗೆಲ್ಲ ಮತ್ತೆ ಹಚ್ಚಿ. ಗಡಿಯಾರ ನೋಡಿ ಮಾಡಿ, ಅಂದಾಜಿನ ಮೂರು ನಿಮಿಷ ಯಾವಾಗಲೂ ಒಂದೇ ನಿಮಿಷ. ಮುರಿದ ಹಲ್ಲುಸೆಟ್ ಜೋಡಿಸುವವರು ಮಾಡುವುದೂ ಇದನ್ನೇ. ಮೇಲ್ಮೈ ಮಂಕಾಗಿ, ಸ್ವಲ್ಪ ಉಬ್ಬಿದ ಹಾಗೆ ಕಾಣುತ್ತದೆ. ಆಗ ಅದು ಸಿದ್ಧ.

ಇಲ್ಲಿಂದ ಎರಡು ದಾರಿ. ನಾನು ಹಿಡಿಯುವುದು ಅಕ್ರಿಲಿಕ್‌ಗೆ ಅಕ್ರಿಲಿಕ್. ಅದೇ ಬಣ್ಣದ ಪುಡಿಯನ್ನು ಮೊನೊಮರ್‌ನಲ್ಲಿ ನೀರುದೋಸೆ ಹಿಟ್ಟಿಗಿಂತ ಸ್ವಲ್ಪ ದಪ್ಪ ಕಲಸಿ, ಬ್ರಷ್ ತುದಿಯಿಂದ ಬ್ರಾಕೆಟ್ ಬಲೆಗೆ ತುಂಬುತ್ತೇನೆ. ಬಲೆಯ ಸಂದಿಗಳಲ್ಲಿ ಗಾಳಿ ಉಳಿಯಬಾರದು. ಒಂದು ಹನಿ ಕ್ಯಾಪ್ ಮೇಲೂ ಇಟ್ಟು ಬ್ರಾಕೆಟ್ ಒತ್ತುತ್ತೇನೆ. ಗೆರೆಗೆ ಗೆರೆ ಕೂಡಿಸಿ ಮತ್ತೊಮ್ಮೆ ಗಟ್ಟಿಯಾಗಿ ಒತ್ತುತ್ತೇನೆ. ಅಂಟಿನ ಪದರ ತೆಳ್ಳಗಿದ್ದಷ್ಟೂ ಒಳ್ಳೆಯದು. ಸುತ್ತ ಹೊರಬಂದದ್ದನ್ನು ಗಟ್ಟಿಯಾಗುವ ಮೊದಲೇ ಪ್ರೋಬ್‌ನಿಂದ ತೆಗೆಯಬೇಕು. ಸೀಳಿನೊಳಗೆ ಹೋದರೆ ಆಮೇಲೆ ಸೂಜಿ ಹಿಡಿದು ಕೂರಬೇಕಾಗುತ್ತದೆ. ಏಪ್ರಿಲ್ ಸೆಖೆಯಲ್ಲಿ ಇದು ಬಹಳ ಬೇಗ ಗಟ್ಟಿಯಾಗುತ್ತದೆ. ಆಗ ಕಲಸುವ ಗಾಜಿನ ಬಟ್ಟಲನ್ನು ಮೊದಲೇ ಫ್ರಿಜ್‌ನಲ್ಲಿಟ್ಟು, ಚೆನ್ನಾಗಿ ಒರೆಸಿ ಬಳಸುತ್ತೇನೆ. ಪೂರ್ತಿ ಗಟ್ಟಿಯಾಗುವವರೆಗೆ ಕ್ಯಾಪ್ ಅಲುಗಿಸಬೇಡಿ.

ಇನ್ನೊಂದು ದಾರಿ, ಮೊನೊಮರ್ ಹಚ್ಚಿದ ಮೇಲೆ ಪ್ರೈಮರ್ ಹಚ್ಚಿ ಎಂದಿನ ಲೈಟ್ ಅಂಟು ಬಳಸುವುದು. ಬೇಗ ಆಗುತ್ತದೆ, ಬ್ರಾಕೆಟ್ ಸರಿಹೊಂದಿಸಲು ಸಮಯವೂ ಸಿಗುತ್ತದೆ. ನನ್ನ ಅನುಭವದಲ್ಲಿ ಇದು ಮೊದಲಿನದಷ್ಟು ಗಟ್ಟಿ ಬರುವುದಿಲ್ಲ. ಕೆಳದವಡೆಯ ಮುಂಭಾಗದಲ್ಲಿ, ಕಚ್ಚುವಾಗ ಏಟು ಬೀಳುವ ಕಡೆ, ನಾನು ಇದನ್ನು ನಂಬುವುದಿಲ್ಲ.

ಮೊನೊಮರ್ ಬಗ್ಗೆ ಒಂದು ಮಾತು. ಅದು ಗ್ಲೌಸ್ ದಾಟಿ ಬೆರಳಿಗೆ ಬರುತ್ತದೆ. ವರ್ಷಗಟ್ಟಲೆ ತಾಗಿದರೆ ಬೆರಳ ತುದಿ ಕೆಂಪಾಗಿ ಸಿಪ್ಪೆ ಏಳುವ ಅಲರ್ಜಿ ಬರಬಹುದು. ತಾಗಿದ ಗ್ಲೌಸ್ ತಕ್ಷಣ ಬದಲಿಸಿ, ಕಿಟಕಿ ತೆರೆದಿಡಿ, ಬೆಂಕಿಯ ಹತ್ತಿರ ಇಡಬೇಡಿ. ಮತ್ತೆ, ಬಸ್ಸಿನಲ್ಲಿ ಒಯ್ಯಬೇಡಿ. ಒಂದು ಸಲ ಪೆರ್ಲಕ್ಕೆ ಹೋಗುವಾಗ ನನ್ನ ಬ್ಯಾಗ್‌ನಲ್ಲಿ ಬಾಟಲಿ ಮುಚ್ಚಳ ಸಡಿಲವಾಗಿ ಇಡೀ ಬಸ್ಸು ಮೂಗು ಮುಚ್ಚಿಕೊಂಡಿತು. ಹಿಂದಿನ ಸೀಟಿನ ಅಜ್ಜಿ "ಯಾರೋ ಉಗುರಿಗೆ ಬಣ್ಣ ಹಚ್ಚುತ್ತಿದ್ದಾರೆ" ಅಂತ ಜೋರಾಗಿ ಹೇಳಿದರು. ನಾನೂ ಎಲ್ಲರ ಜೊತೆ ಹಿಂದೆ ತಿರುಗಿ ನೋಡಿದೆ. ಈಗ ನಾಲ್ಕೂ ಕ್ಲಿನಿಕ್‌ನಲ್ಲಿ ಒಂದೊಂದು ಬಾಟಲಿ ಇದೆ.

ಬಿಸ್-ಅಕ್ರಿಲ್ ಆದರೆ ಹೀಗೆ

ಇದು ಸಣ್ಣ ಕತೆ. ಮೊನೊಮರ್ ಮರೆತುಬಿಡಿ. ಸ್ಯಾಂಡ್‌ಬ್ಲಾಸ್ಟ್ ಚೆನ್ನಾಗಿ ಮಾಡಿ, ಇಲ್ಲಿ ಹಿಡಿತವೆಲ್ಲ ಆ ಒರಟಿನಿಂದಲೇ. ಬಾಂಡಿಂಗ್ ದ್ರವದ ತೆಳು ಪದರ ಹಚ್ಚಿ, ಗಾಳಿ ಊದಿ, ಲೈಟ್ ಹಿಡಿಯಿರಿ. ಆಮೇಲೆ ಟ್ರಾನ್ಸ್‌ಬಾಂಡ್ ಎಕ್ಸ್‌ಟಿ ಅಥವಾ ನೀವು ದಿನಾ ಬಳಸುವ ಅಂಟು ಬ್ರಾಕೆಟ್‌ಗೆ ಹಾಕಿ ಒತ್ತಿ, ಸುತ್ತ ಬಂದದ್ದು ತೆಗೆದು, ಎಡಬಲದಿಂದ ಹತ್ತತ್ತು ಸೆಕೆಂಡ್ ಲೈಟ್. ಲೋಹದ ಬ್ರಾಕೆಟ್ ಅಡಿಗೆ ಬೆಳಕು ನೇರವಾಗಿ ಹೋಗದು, ಹಾಗಾಗಿ ಬದಿಯಿಂದಲೇ. ಹೊಸದಾಗಿ ಮಾಡಿದ ಕ್ಯಾಪ್‌ಗೆ ಹಿಡಿತ ಚೆನ್ನಾಗಿ ಸಿಗುತ್ತದೆ. ತಿಂಗಳುಗಟ್ಟಲೆ ಬಾಯಲ್ಲಿದ್ದದ್ದಕ್ಕೆ ಕಡಿಮೆ. ಹಳೆಯದು ಸಿಕ್ಕರೆ ಮೇಲ್ಪದರವನ್ನು ಬರ್‌ನಿಂದ ತೆಗೆದು ಹೊಸ ಮುಖ ಕಾಣಿಸಿ, ಆಮೇಲೆ ಬ್ಲಾಸ್ಟ್ ಮಾಡಿ.

ಎಷ್ಟು ಗಟ್ಟಿ ಬೇಕು ಅಂತ ತಲೆ ಕೆಡಿಸಿಕೊಳ್ಳುವವರಿಗೆ ಒಂದು ಲೆಕ್ಕ. 1975ರಲ್ಲಿ ರೆನಾಲ್ಡ್ಸ್ ಎಂಬ ಸಂಶೋಧಕ ಹೇಳಿದ್ದು ಸುಮಾರು 6ರಿಂದ 8 ಮೆಗಾಪಾಸ್ಕಲ್ ಇದ್ದರೆ ಸಾಕು ಅಂತ. ಬ್ರಾಕೆಟ್ ತಳ ಸುಮಾರು 10 ಚದರ ಮಿಲಿಮೀಟರ್ ಅಂದುಕೊಳ್ಳಿ. 6 ಮೆಗಾಪಾಸ್ಕಲ್ ಅಂದರೆ ಆರು ಕಿಲೋ ತೂಕ ನೇತು ಹಾಕಿದಷ್ಟು. ನಮ್ಮ ತಂತಿ ಇದರ ಹತ್ತಿರವೂ ಬರುವುದಿಲ್ಲ. ಬ್ರಾಕೆಟ್ ಬೀಳಿಸುವುದು ತಂತಿಯಲ್ಲ, ಊಟ.

ಕೆಳಗಿನ ಅಂಟು

ಎಲ್ಲರೂ ಬ್ರಾಕೆಟ್ ಬಿದ್ದದ್ದನ್ನು ಲೆಕ್ಕ ಇಡುತ್ತಾರೆ. ನನಗೆ ಹೆಚ್ಚು ಹೆದರಿಕೆ ಕ್ಯಾಪೇ ಕಳಚಿ ಬರುವುದರದ್ದು. ಮುಳ್ಳೇರಿಯದ ಒಬ್ಬ ಹುಡುಗ ರಾತ್ರಿ ಯಕ್ಷಗಾನ ಆಟ ನೋಡಲು ಹೋಗಿ, ನಿದ್ದೆ ಬಾರದಿರಲಿ ಅಂತ ನೆಲಗಡಲೆ ಪೊಟ್ಟಣ ಮುಗಿಸಿದ. ರಾಕ್ಷಸ ವೇಷ ರಂಗಕ್ಕೆ ಬರುವ ಹೊತ್ತಿಗೆ ಇವನ ಕ್ಯಾಪ್ ಬ್ರಾಕೆಟ್ ಸಮೇತ ಹಲ್ಲು ಬಿಟ್ಟು ತಂತಿಗೆ ನೇತಾಡುತ್ತಿತ್ತು. ನನ್ನ ಮೇಲಿನ ಅಂಟು ಅಲ್ಲಾಡಿರಲಿಲ್ಲ. ಕೆಳಗಿನ ಸಿಮೆಂಟ್ ಕೈಕೊಟ್ಟಿತ್ತು. ಪುಣ್ಯಕ್ಕೆ ಬ್ರಾಕೆಟ್ಟನ್ನು ಸ್ಟೀಲ್ ಲಿಗೇಚರ್, ಅಂದರೆ ಸಣ್ಣ ಕಟ್ಟುತಂತಿಯಿಂದ ತಂತಿಗೆ ಕಟ್ಟಿದ್ದೆ. ರಬ್ಬರ್ ಉಂಗುರ ಮಾತ್ರ ಇದ್ದಿದ್ದರೆ ನುಂಗುತ್ತಿದ್ದನೋ ಏನೋ. ಅಂದಿನಿಂದ ತಾತ್ಕಾಲಿಕ ಕ್ಯಾಪ್ ಇರುವ ಹಲ್ಲಿಗೆ ಸ್ಟೀಲ್ ಕಟ್ಟೇ ಕಟ್ಟು.

ತಾತ್ಕಾಲಿಕ ಸಿಮೆಂಟ್ ಎರಡು ಮೂರು ವಾರದ ಲೆಕ್ಕಕ್ಕೆ ಮಾಡಿದ್ದು. ನಮ್ಮ ಚಿಕಿತ್ಸೆ ವರ್ಷ, ಒಂದೂವರೆ ವರ್ಷ. ಅಷ್ಟರಲ್ಲಿ ಅಂಚಿನಿಂದ ಸಿಮೆಂಟ್ ತೊಳೆದುಹೋಗಿ ಒಳಗೆ ಹುಳುಕು ಹಿಡಿಯುತ್ತದೆ. ಮೇಲಿಂದ ಕ್ಯಾಪ್ ಚೆನ್ನಾಗಿಯೇ ಕಾಣುತ್ತಿರುತ್ತದೆ. ಹಾಗಾಗಿ ನಾನು ಹೆಚ್ಚು ಕಾಲ ನಿಲ್ಲುವ ಸಿಮೆಂಟ್‌ಗಳಾದ ಲ್ಯೂಟಿಂಗ್ ಗ್ಲಾಸ್ ಅಯಾನೊಮರ್ ಅಥವಾ ಪಾಲಿಕಾರ್ಬಾಕ್ಸಿಲೇಟ್ ಬಳಸಿ ಕೂರಿಸುತ್ತೇನೆ. ಮೊದಲು ಲವಂಗದೆಣ್ಣೆ ವಾಸನೆಯ ಸಿಮೆಂಟ್ ಇದ್ದರೆ ಅದನ್ನು ಪೂರ್ತಿ ಕೆರೆದು ತೆಗೆಯಿರಿ. ಅದರಲ್ಲಿನ ಯೂಜಿನಾಲ್ ಅಕ್ರಿಲಿಕ್ ಮತ್ತು ರೆಸಿನ್ ಅಂಟು ಗಟ್ಟಿಯಾಗದಂತೆ ತಡೆಯುತ್ತದೆ, ಕ್ಯಾಪ್‌ನ ಒಳಗೆ ಹೊಸ ಅಕ್ರಿಲಿಕ್ ಹಾಕಿ ಸರಿಪಡಿಸುವುದಿದ್ದರಂತೂ ಕೆಲಸ ಕೆಟ್ಟಂತೆಯೇ.

ಕೂರಿಸುವಾಗ ತುದಿ ಒತ್ತಿ, ಬ್ರಾಕೆಟ್ ಒತ್ತಬೇಡಿ. ಹೊರಬಂದ ಸಿಮೆಂಟ್ ಬ್ರಾಕೆಟ್ ರೆಕ್ಕೆಗಳ ಅಡಿ ಸಿಕ್ಕಿಕೊಳ್ಳುತ್ತದೆ, ಗಟ್ಟಿಯಾಗುವ ಮೊದಲೇ ನೋಡಿ. ಅಥವಾ ರೆಕ್ಕೆಗಳಿಗೆ ಮೊದಲೇ ಸ್ವಲ್ಪ ವ್ಯಾಸಲಿನ್ ಸವರಿ. ಅಂಚಿನ ಒಳಗೆ ಮಾತ್ರ ಅದು ಹೋಗಬಾರದು.

ಅವತ್ತೇ ತಂತಿ ಕಟ್ಟುವ ಅವಸರವೂ ಬೇಡ. ಗ್ಲಾಸ್ ಅಯಾನೊಮರ್ ಪೂರ್ತಿ ಬಲ ಪಡೆಯಲು ಒಂದು ದಿನವಾದರೂ ಬೇಕು. ನಾನು ಹೇಗೂ ವಾರಕ್ಕೊಮ್ಮೆ ಹೋಗುವವಳು. ಆ ಹಲ್ಲೊಂದನ್ನು ಬಿಟ್ಟು ಉಳಿದವಕ್ಕೆ ತಂತಿ ಹಾಕಿ ಬರುತ್ತೇನೆ. ಮುಂದಿನ ವಾರ 0.014 ಇಂಚಿನ ನೈಟೈ (ನಿಕಲ್-ಟೈಟೇನಿಯಂ) ತಂತಿಯನ್ನು ಇದಕ್ಕೂ ಕಟ್ಟುತ್ತೇನೆ.

ಬಣ್ಣದ ಕಾಗದ ಕಚ್ಚಿಸಿ ಎದುರು ಹಲ್ಲು ಬ್ರಾಕೆಟ್‌ಗೆ ಬಡಿಯುತ್ತದಾ ನೋಡಿ. ಬಡಿದರೆ ಎಂಥ ಅಂಟೂ ಉಳಿಯದು. ದವಡೆ ಹಲ್ಲಿನ ಮೇಲೆ ಸ್ವಲ್ಪ ಗ್ಲಾಸ್ ಅಯಾನೊಮರ್ ಗುಡ್ಡೆ ಹಾಕಿ ಕಚ್ಚು ಎತ್ತರಿಸಿ. ಎರಡು ದಿನ ಬೈಸಿಕೊಳ್ಳುತ್ತೀರಿ, ಮೂರನೇ ದಿನ ಅಭ್ಯಾಸವಾಗುತ್ತದೆ.

ದವಡೆ ಹಲ್ಲಿಗೆ ಈ ಸಾಹಸವೇ ಬೇಡ. ಕ್ಯಾಪ್ ಸುತ್ತ ಸ್ಟೀಲ್ ಬ್ಯಾಂಡ್ ಹಾಕಿ ಸಿಮೆಂಟ್ ಮಾಡಿ, ಮುಗಿಯಿತು.

ಊಟದ ಪಟ್ಟಿ ಬರೆದು ಕೊಡುವಾಗ ಮುದ್ರಿತ ಕಾಗದದ "ಗಟ್ಟಿ ಪದಾರ್ಥ ಬೇಡ" ಸಾಲುವುದಿಲ್ಲ. ನಮ್ಮಲ್ಲಿ ಗಟ್ಟಿ ಅಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ಹೆಸರು ಹಿಡಿದು ಹೇಳಬೇಕು. ಹಲಸಿನ ಹಪ್ಪಳ, ಚಕ್ಕುಲಿ, ನೇಂದ್ರ ಚಿಪ್ಸ್, ಕಬ್ಬು, ಅಡಿಕೆ, ಉಪ್ಪು ಹಚ್ಚಿದ ಹಸಿ ಮಾವು. ಪೇರಳೆ ಕಚ್ಚಬಾರದು, ಕೊಯ್ದು ತಿನ್ನಬಹುದು. ಮೀನಿನ ಮುಳ್ಳು ಮುಂಭಾಗದ ಹಲ್ಲಿನಿಂದ ಬಿಡಿಸಬಾರದು. ಇಷ್ಟು ಹೇಳಿದ ಮೇಲೂ "ಹಾಗಾದರೆ ಹಪ್ಪಳ ಸಾರಿನಲ್ಲಿ ನೆನೆಸಿ ತಿನ್ನಬಹುದಾ" ಅಂತ ಒಬ್ಬರು ಕೇಳಿಯೇ ಕೇಳುತ್ತಾರೆ. ತಿನ್ನಲಿ, ಪಾಪ.

ಪ್ರತಿ ಭೇಟಿಯಲ್ಲಿ, ಅಂದರೆ ನಾಲ್ಕರಿಂದ ಆರು ವಾರಕ್ಕೊಮ್ಮೆ, ಕ್ಯಾಪ್ ಅಂಚಿಗೆ ಪ್ರೋಬ್ ಹಾಕಿ. ಬೆರಳಿನಿಂದ ಹಿಡಿದು ಅಲುಗಿಸಿ. ಅಂಚಿನಲ್ಲಿ ಗುಳ್ಳೆ ಬಂದರೆ, ವಾಸನೆ ಬಂದರೆ ಬಿಚ್ಚಿ ತೊಳೆದು ಮತ್ತೆ ಸಿಮೆಂಟ್ ಮಾಡಿ. ಹಲ್ಲು ಸರಿಯುತ್ತ ಬಂದ ಹಾಗೆ ಕ್ಯಾಪ್ ಪಕ್ಕದ ಹಲ್ಲಿಗೆ ಬಿಗಿಯಾಗಿ ತಾಗಿ ದಾರಿ ಕಟ್ಟುವುದೂ ಇದೆ. ತಂತಿ ಎಳೆಯುತ್ತಿದೆ, ಹಲ್ಲು ಮಾತ್ರ ಕದಲುತ್ತಿಲ್ಲ ಅಂದರೆ ಫ್ಲಾಸ್ ಹಾಕಿ ನೋಡಿ. ಸಿಕ್ಕಿಕೊಂಡರೆ ಆ ಬದಿಯನ್ನು ತೆಳು ಪಟ್ಟಿಯಿಂದ ಸ್ವಲ್ಪ ಉಜ್ಜಿ. ಪ್ಲಾಸ್ಟಿಕ್ ಆಗಿರುವುದರ ದೊಡ್ಡ ಲಾಭ ಇದೇ, ಬೇಕಾದ ಹಾಗೆ ಕೆತ್ತಬಹುದು.

ಕೊನೆಗೆ ತೆಗೆಯುವ ದಿನ ಈ ಬ್ರಾಕೆಟ್ಟನ್ನು ನಾಜೂಕಾಗಿ ಬಿಡಿಸುವ ಅಗತ್ಯವಿಲ್ಲ. ಕ್ಯಾಪ್ ಹೇಗೂ ಹೋಗುವುದೇ, ಸಮೇತ ಕೊಯ್ದು ತೆಗೆಯಿರಿ. ಅವತ್ತೇ ಹೊಸ ತಾತ್ಕಾಲಿಕ ಕ್ಯಾಪ್ ಕೂರಿಸಿ, ಅದಾದ ಮೇಲೆಯೇ ಸರಿಯಾದ ಹಲ್ಲು ಮತ್ತೆ ಜರುಗದಂತೆ ಹಿಡಿಯುವ ರಿಟೇನರ್‌ನ ಅಳತೆ ತೆಗೆಯಿರಿ. ನಾನು ಒಂದು ಸಲ ಅಳತೆ ಮೊದಲು ತೆಗೆದು ಕ್ಯಾಪ್ ಆಮೇಲೆ ಹಾಕಿಸಿದೆ. ಮಂಗಳೂರಿನಿಂದ ಬಂದ ರಿಟೇನರ್ ಆ ಒಂದು ಹಲ್ಲಿನ ಮೇಲೆ ಕೂರಲೇ ಇಲ್ಲ. ಪಕ್ಕಾ ಕ್ಯಾಪ್ ಬಂದಾಗ ರಿಟೇನರ್ ಇನ್ನೊಮ್ಮೆ ಮಾಡಬೇಕಾಗುತ್ತದೆ ಅಂತಲೂ ಮನೆಯವರಿಗೆ ಈಗಲೇ ಹೇಳಿಡಿ, ದುಡ್ಡಿನ ಲೆಕ್ಕ ಸಮೇತ.